ಕಾಲುವೆ ದಂಡೆಯಲ್ಲಿ ಫಿಟ್ಸ್ ಡಾಕ್ಟರು

ಮೂರ್ಛೆರೋಗದ ತಜ್ಞನಾಗಲು ನಾನು ಅರ್ಧ ಆಯುಷ್ಯವನ್ನು ಓದಿನಲ್ಲೇ ಕಳೆದಿದ್ದೇನೆ. ರೋಗಿಗಳ ತಲೆಗೆ ತಂತಿ ಅಂಟಿಸಿ, ಪರದೆಯ ಮೇಲೆ ಹರಿಯುವ ಮಿದುಳಿನ ಅಲೆಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಇಂಥವನಿಗೆ ಅತ್ತಿಗೆಯೊಬ್ಬರನ್ನು ಒಪ್ಪಿಸುವುದು ಯಾವ ಮಹಾ ಕೆಲಸ!

ಅಣ್ಣನ ಮನೆ ದಢೇಸುಗೂರಿನಲ್ಲಿ. ಅವನ ಮಗಳು ಪುಷ್ಪಾ ಊಟದ ನಡುವೆ, ಮಾತಿನ ನಡುವೆ ಒಂದಿಷ್ಟು ಹೊತ್ತು ಸುಮ್ಮನೆ ದಿಟ್ಟಿಸುತ್ತಾ ನಿಂತುಬಿಡುತ್ತಿದ್ದಳು. ಲಕ್ಷ್ಯವಿಲ್ಲವೆಂದು ಶಾಲೆಯಲ್ಲಿ ಏಟು ತಿನ್ನುತ್ತಿದ್ದಳು. ಅವಳನ್ನು ಸಿಂಧನೂರಿನ ನನ್ನ ಕ್ಲಿನಿಕ್ಕಿಗೆ ಕರೆತರಲು ಅತ್ತಿಗೆ ಒಪ್ಪರು. ಬಿದ್ದು ಒದ್ದಾಡಿದರೆ ತಾನೇ ಫಿಟ್ಸು, ಹಾಗೇನಾದರೂ ಆದರೆ ಕೈಗೆ ಕೀಲಿಕೈ ಕೊಟ್ಟರಾಯಿತು ಎಂಬುದು ಅವರ ವಾದ.

ಒಂದು ಭಾನುವಾರ ಹೆಂಡತಿಯೊಡನೆ ಹೋಗಿ ಪಡಸಾಲೆಯಲ್ಲಿ ಭಾಷಣವನ್ನೇ ಬಿಗಿದೆ. ಸುಮ್ಮನೆ ದಿಟ್ಟಿಸುವುದೂ ಫಿಟ್ಸೇ ಆಗಿರಬಹುದು. ಕರೆದರೆ ಓಗೊಡುವುದಿಲ್ಲ. ಫಿಟ್ಸ್ ಬಂದದ್ದು ಬಂದವರಿಗೇ ತಿಳಿಯುವುದಿಲ್ಲ. ಬಿದ್ದರೆ ಕೀಲಿಕೈ ಬೇಡ, ಮಗ್ಗುಲಿಗೆ ಮಲಗಿಸಿ. ಆಮೇಲೆ ಏನಾದರೂ ಬಡಬಡಿಸಿದರೆ ವಾದ ಮಾಡಬೇಡಿ. ಅತ್ತಿಗೆ ಎಲ್ಲ ಕೇಳಿ, ರೊಟ್ಟಿ ಬಡಿಯಲು ಹೋದರು.

ಸೋತು ಕಾಲುವೆ ದಂಡೆಗೆ ಬಂದು ಕೂತೆ. ಗಾಳಿಗೆ ಭತ್ತದ ಪೈರು ಬಾಗುತ್ತಿತ್ತು, ಏಳುತ್ತಿತ್ತು. ಥೇಟ್ ನನ್ನ ಪರದೆಯ ಅಲೆಗಳು! ನೀರು ಹರಿಯಿತು, ಮೋಡ ಹರಿಯಿತು, ಅವುಗಳ ಜೊತೆ ನಾನೂ ಹರಿದೆ. ಹಗಲುಗನಸಿನಲ್ಲಿ ಇಡೀ ಗದ್ದೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದೆ. ಗದ್ದೆ ಆರೋಗ್ಯವಾಗಿತ್ತು.

ಊಟಕ್ಕೆ ಕರೆಯಲು ಬಂದ ಹೆಂಡತಿ ಕೂಗಿ ಕೂಗಿ ಸಾಕಾಗಿ, ಗಾಬರಿಯಿಂದ ಅಣ್ಣ ಅತ್ತಿಗೆಯನ್ನು ಕರೆತಂದಳಂತೆ. ನಾನು ಈ ಲೋಕಕ್ಕೆ ಮರಳಿದಾಗ ಅತ್ತಿಗೆ ನನ್ನನ್ನು ಮಗ್ಗುಲಿಗೆ ಉರುಳಿಸುತ್ತಿದ್ದರು, ಅಣ್ಣ ನನ್ನ ಬೆಲ್ಟು ಸಡಿಲಿಸುತ್ತಿದ್ದ. ಕಳೆ ಕೀಳುತ್ತಿದ್ದವರೆಲ್ಲ ಸುತ್ತ ನೆರೆದಿದ್ದರು. ಯಾರೋ ಕೀಲಿಕೈ ಚಾಚಿದರೆ ಅತ್ತಿಗೆಯೇ ಗದರಿ ಹಿಂದೆ ಸರಿಸಿದರು. ನನ್ನ ಪಾಠ ಅಷ್ಟು ಚೆನ್ನಾಗಿ ನಾಟಿತ್ತು!

“ನನಗೇನೂ ಆಗಿಲ್ರಿ ಅತ್ತಿಗಿ,” ಎಂದೆ.

“ಬಂದವ್ರಿಗೆ ಗೊತ್ತಾಗಂಗಿಲ್ಲಂತ ನೀವ ಹೇಳೀರಿ. ಸುಮ್ನ ಮಲ್ಕೋರಿ.”

ತಜ್ಞನ ಗತ್ತಿನಲ್ಲಿ ವಿವರಿಸತೊಡಗಿದೆ. ಬಡಬಡಿಕೆ ಶುರುವಾಯಿತೆಂದು ಎಲ್ಲರೂ ಕನಿಕರದಿಂದ ನೋಡಿದರು. ವಾದ ಮಾತ್ರ ಯಾರೂ ಮಾಡಲಿಲ್ಲ.

ಕೊನೆಗೆ ಅತ್ತಿಗೆ ಷರತ್ತು ಹಾಕಿದರು: ಪುಷ್ಪಾಳನ್ನು ಕರೆತರುತ್ತೇನೆ, ಆದರೆ ಮೊದಲು ಮೈದುನನ ಪರೀಕ್ಷೆ ಆಗಬೇಕು. ಹಾಗೆ ಮರುದಿನ ನನ್ನದೇ ಕ್ಲಿನಿಕ್ಕಿನಲ್ಲಿ, ಮಸ್ಕಿ, ಲಿಂಗಸುಗೂರಿನಿಂದ ಬಂದ ರೋಗಿಗಳ ಕಣ್ಣೆದುರು, ನನ್ನ ತಲೆಗೆ ತಂತಿಗಳು ಅಂಟಿಕೊಂಡವು. ಪುಷ್ಪಾ ಕೈ ಹಿಡಿದು “ಅಂಜಬ್ಯಾಡ್ರಿ ಕಾಕಾ” ಎಂದಳು. ನಂತರ ತಾನೂ ಅಂಜದೆ ಕೂತಳು. ಅವಳ ಅಲೆಗಳು ನನ್ನ ಅನುಮಾನವನ್ನು ನಿಜಮಾಡಿದವು. ಈಗ ಗುಳಿಗೆ ನಡೆದಿದೆ, ಶಾಲೆಯಲ್ಲಿ ಏಟು ನಿಂತಿದೆ. ಅದರ ಸಂತೋಷಕ್ಕೆ ನಾನು ಬೇಕಾದರೆ ಇನ್ನೊಮ್ಮೆ ದಂಡೆಯ ಮೇಲೆ ಉರುಳಿಯೇನು.

ನನ್ನ ವರದಿ? ಎಲ್ಲವೂ ಸರಿಯಾಗಿದೆ ಎಂದು ಬಂತು. ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅವಳು ಓದಿ, ಮಡಚಿ, ನನ್ನ ಮುಖ ನೋಡಿದಳು.

“ಹಂಗಾರ ಇಷ್ಟು ವರ್ಷ ಮನ್ಯಾಗ ನಾ ಕರದಾಗ ಓ ಅಂದಿಲ್ಲಲ್ಲ, ಅದು ಬೇಕಂತನ ಏನ್ರಿ?”

ಕೇಳಿಸದವನಂತೆ ಗೋಡೆ ದಿಟ್ಟಿಸುತ್ತಾ ಕೂತೆ. ಈ ಸಲ ಯಾರೂ ಮಗ್ಗುಲಿಗೆ ಮಲಗಿಸಲಿಲ್ಲ.