ಅಪ್ಪನ ಮೀನಿನ ತೊಟ್ಟಿ, ದೇವದುರ್ಗದವರ ಶಲ್ಯ

ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕಿಳಿದು ಮೀನುಗಳಿಗೆ ಕೊಡೆ ಹಿಡಿದ ಮನುಷ್ಯ ಇಡೀ ಮಾನ್ವಿಗೆ ಒಬ್ಬನೇ. ಅವನು ನಮ್ಮಪ್ಪ! ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಎಂಬತ್ತರ ದಶಕದ ಆರಂಭ, ನನಗೆ ಮದುವೆಗೆ ಗಂಡು ನೋಡುತ್ತಿದ್ದ ಕಾಲ. ಆ ವರ್ಷ ನಾನು ತಲೆ ಎತ್ತಿ ಬೀದಿಯಲ್ಲಿ ನಡೆದದ್ದೇ ನೆನಪಿಲ್ಲ.

ಅಪ್ಪನದು ಅಕ್ಕಿ ಗಿರಣಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮನೆಯಲ್ಲಿ ಕೋಳಿತತ್ತಿಯ ಹೆಸರೆತ್ತಿದರೂ ಅಜ್ಜಿ ಬಾಯಿ ಮುಕ್ಕಳಿಸಲು ನೀರು ತಂದುಕೊಡುತ್ತಿದ್ದಳು. ಅಂಥ ಮನೆಯ ಯಜಮಾನ ಮೊಣಕಾಲು ನೋವೆಂದು ರಾಯಚೂರಿನ ಡಾಕ್ಟರ ಹತ್ತಿರ ಹೋದ. ಅಲ್ಲಿ ರೋಗಿಗಳು ಕೂಡುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಕೆಂಪು ಮೀನು. ಎಲ್ಲ ರೋಗಿಗಳೂ ಹೋದ ಮೇಲೆ ಡಾಕ್ಟರು ಹೊರಗೆ ಬಂದರು.

"ಯಜಮಾನ್ರ, ನಿಮ್ಮ ಪಾಳಿ ಯಾವಾಗೋ ಹೋತಲ್ರೀ! ಏನಾಗೇದ ನಿಮಗ?"

"ಏನೋ ನೋಯಾಕತ್ತಿತ್ತು ನೋಡ್ರಿ. ಇವನ್ನ ನೋಡ್ಕೋತ ಕುಂತೆ, ಮರತೇ ಹೋತು."

ಮುಂದಿನ ವಾರ ಬಸ್ಸಿನಲ್ಲಿ ಕೂಸನ್ನು ಕೂಡಿಸಿಕೊಂಡಂತೆ ತೊಡೆಯ ಮೇಲೆ ಗಾಜಿನ ತೊಟ್ಟಿ ಇಟ್ಟುಕೊಂಡು ಬಂದ! ಮೀನುಗಳು ಕೈಯಲ್ಲಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ.

"ಲಿಂಗಪೂಜಿ ಮನ್ಯಾಗ ಮೀನಾ? ಏನ್ ಬಂತೋ ಯಪ್ಪಾ ನಿನಗ!" ಎಂದು ಅಜ್ಜಿ ತಲೆಗೆ ಕೈ ಹಚ್ಚಿಕೊಂಡಳು.

"ಇವು ನಮ್ಮಂಗ ಶಾಕಾಹಾರಿ ಅದಾವ ಯವ್ವಾ. ತೌಡು ತಿಂತಾವ," ಅಂದ ಅಪ್ಪ. ಗಿರಣಿಯ ತೌಡಿಗೇನು ಬರವೇ? ಹಿಡಿ ಹಿಡಿ ಹಾಕಿದ. ಊರಿನವರು ಮಾತ್ರ ಬೇರೆಯೇ ಲೆಕ್ಕ ಹಾಕಿದ್ದರು. ಎದುರುಮನೆಯವರು ದಿನಾ ಬಂದು ಇಣುಕಿ ನೋಡಿ, "ಇನ್ನಾ ಸಣ್ಣವು ಅದಾವಲ್ರೀ. ಸಾರಿಗೆ ಯಾವಾಗ ಬರ್ತಾವ?" ಎಂದು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ಓಡಾಡಲು ಶುರು ಮಾಡಿದೆ.

ಕೆಲವೇ ದಿನಗಳಲ್ಲಿ ಗಾಜಿಗೆ ಕಂದು ಪಾಚಿ ಹತ್ತಿತು. ಮೊದಲು ಯಾರೋ ಚಹಾ ಚೆಲ್ಲಿದ ಹಾಗೆ ಅಲ್ಲಲ್ಲಿ ಕಲೆ, ಆಮೇಲೆ ಗಾಜು, ಉಸುಕು, ಕಲ್ಲು ಎಲ್ಲದರ ಮೇಲೂ ಕಂದು ಪುಡಿಯ ಲೇಪ. ಮೀನುಗಳು ಧೂಳೆದ್ದ ದಾರಿಯಲ್ಲಿ ಬರುವ ಬಸ್ಸಿನಂತೆ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದವು. ಅಪ್ಪನಿಗೆ ಊಟ ಸೇರಲಿಲ್ಲ.

"ಪಡಸಾಲ್ಯಾಗ ಕತ್ತಲ ಅದ. ಬಿಸಲ ಬಿದ್ರ ಹೋಗ್ತದ," ಎಂದು ತಾನೇ ತೀರ್ಮಾನಿಸಿದ. ಅರ್ಧ ನೀರು ತೆಗೆಸಿ, ಗಿರಣಿಯ ಹಮಾಲರಿಂದ ತೊಟ್ಟಿ ಎತ್ತಿಸಿ ಅಂಗಳದಲ್ಲಿ ಇಡಿಸಿದ. ನಮ್ಮ ಬಿಸಿಲು ಕೇಳಬೇಕೆ! ನೀರು ಕಾದು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅಪ್ಪ ಒಳಗೋಡಿ ಕೊಡೆ ತಂದು ಹಿಡಿದು ನಿಂತ. ಬಿಸಿಲಿಗೆಂದು ತಂದಿಟ್ಟದ್ದಕ್ಕೆ ನೆರಳು! ಅದೇ ಹೊತ್ತಿಗೆ ನಾನು ಗೆಳತಿಯರ ಜೊತೆ ಆ ದಾರಿಯಲ್ಲಿ ಬರಬೇಕೆ?

"ಅವರು ನಿಮ್ಮಪ್ಪ ಅಲ್ಲೇನಬೇ?" ಅಂದಳು ಒಬ್ಬಳು.

"ಇರಲಿಕ್ಕಿಲ್ಲ. ಗಿರಣಿ ಮಂದಿ ಯಾರೋ ಇರಬೇಕು," ಅಂದೆ.

ಅಷ್ಟರಲ್ಲಿ ಅಪ್ಪ ನನ್ನನ್ನು ನೋಡಿಬಿಟ್ಟ. "ಯವ್ವಾ, ಚಲೋ ಆತು ಬಂದಿ! ಒಳಗ ಬೀಸಣಿಕಿ ಅದ, ತಗೊಂಡ್ ಬಂದು ಇವಕ್ಕ ಗಾಳಿ ಹಾಕು!"

ಕಂದು ಹೋಗಲಿಲ್ಲ. ಜೊತೆಗಿರಲೆಂದು ಹಸಿರೂ ಬಂದು ಕೂತಿತು. ಆಮೇಲೆ ಅಪ್ಪ ಮೀನುಗಳನ್ನು ಕೊಡಪಾನಕ್ಕೆ ಹಾಕಿ, ಹುಣಸೆಹಣ್ಣು, ಭತ್ತದ ಹೊಟ್ಟಿನ ಬೂದಿ ಹಚ್ಚಿ ತಂಬಿಗೆ ಬೆಳಗಿದ ಹಾಗೆ ಗಾಜನ್ನು ತಿಕ್ಕಿದ. ಗಾಜಿನ ತುಂಬ ಗೀರು ಬಿದ್ದವು. ಪಡಸಾಲೆಗೆ ತಂದು ಮತ್ತೆ ನೀರು ತುಂಬಿದ ಮೇಲೆ ಕಂದು ಪಾಚಿ ಆ ಗೀರುಗಳಲ್ಲೇ ಮೊದಲು ಕೂತಿತು.

ಕೊನೆಗೆ ರಾಯಚೂರಿನ ಡಾಕ್ಟರೇ ಗತಿ ಎಂದು ಹೊರಟ. ಬರುವಾಗ ಇನ್ನೇನು ಹೊತ್ತು ತರುತ್ತಾನೋ ಎಂಬ ಭಯಕ್ಕೆ ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಬೆಂಚಿನಲ್ಲಿ ತೂರಿಕೊಂಡು ಕೂತೆವು. ಕಂಪೌಂಡರು ಬಂದು ಏನು ತೊಂದರೆ ಅಂದಾಗ ಅಪ್ಪ ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿಯಲ್ಲಿ ಹೇಳಿದ: "ಎಲ್ಲಾ ಕಡಿ ಕಂದು ಹತ್ತೇದ್ರೀ. ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಬಿಸಲಾಗ ಇಟ್ಟಿವಿ, ಹುಣಸಿಹಣ್ಣು ಹಚ್ಚಿವಿ, ಬೂದಿ ಹಚ್ಚಿವಿ. ದಿನಾ ಹೆಚ್ಚಾಗಾಕತ್ತದ!"

ಬೆಂಚು ಖಾಲಿಯಾಯಿತು. ಗೋಡೆಗೆ ಆತು ನಿಂತವರೆಲ್ಲ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು! ಒಬ್ಬ ಮುದುಕಿಯಂತೂ, "ಪಾಪ, ಮದಿವಿ ವಯಸ್ಸಿನ ಹುಡುಗಿ," ಎಂದು ಲೊಚಗುಟ್ಟಿದಳು.

ಡಾಕ್ಟರು ನಕ್ಕು ನಕ್ಕು ಹೇಳಿದರು, "ಹೊಸಾ ತೊಟ್ಟಿಗೆ ಇದು ಬರೂದ ಯಜಮಾನ್ರ. ತೌಡು ಕಡಿಮಿ ಹಾಕ್ರಿ. ಆಗಾಗ ಒಂದೀಟು ನೀರು ಬದಲ್ ಮಾಡ್ರಿ. ಮೆತ್ತನ್ನ ಅರಿವಿಲೆ ಒರಸ್ರಿ, ತಿಕ್ಕಬ್ಯಾಡ್ರಿ. ಬರಬರ್ತಾ ತಾನ ಹೋಗ್ತದ."

ಅಪ್ಪನ ಕಿವಿಗೆ ಬಿದ್ದದ್ದು ಮೆತ್ತನೆಯ ಅರಿವೆಯೊಂದೇ. ಅವತ್ತಿನಿಂದ ಮನೆಯಲ್ಲಿ ಯಾವ ಬಟ್ಟೆಗೂ ನೆಮ್ಮದಿ ಇರಲಿಲ್ಲ. ಅಜ್ಜಿಯ ಸೆರಗು, ಅವ್ವನ ಕುಪ್ಪಸ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿ, "ಇದು ಬಿರಸು ಅದ," ಎಂದು ಬಿಡುತ್ತಿದ್ದ.

ಹೀಗಿರುವಾಗ ದೇವದುರ್ಗದಿಂದ ನನ್ನನ್ನು ನೋಡಲು ಬಂದರು. ಹುಡುಗ ಸಾಲಿ ಮಾಸ್ತರ, ನೋಡಲೂ ಚೆಂದವಿದ್ದ. ನನಗೂ ಮನಸ್ಸಿತ್ತು. ಅವ್ವ ತೊಟ್ಟಿಯ ಮೇಲೆ ದುಪ್ಪಟಿ ಹೊದಿಸಿ, ಮೀನಿನ ಸುದ್ದಿ ಎತ್ತುವುದಿಲ್ಲವೆಂದು ಅಪ್ಪನಿಂದ ಆಣೆ ಮಾಡಿಸಿಕೊಂಡಿದ್ದಳು. ಅಪ್ಪ ಎತ್ತಲೂ ಇಲ್ಲ. ಪಾಪ, ಹುಡುಗನ ಅಪ್ಪನೇ ಕೇಳಿದರು, "ಇದೇನ್ರೀ, ಇಷ್ಟು ದೊಡ್ಡದು ಮುಚ್ಚಿಟ್ಟೀರಿ?"

ದುಪ್ಪಟಿ ಹಾರಿತು. ಕಂದು ಪಾಚಿಯ ಕಥೆ ಮೊದಲಾಯಿತು. ನಾನು ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಮಾತಾಡುತ್ತಾಡುತ್ತ ಅಪ್ಪನ ಕೈ ಬೀಗರಾಗಬೇಕಿದ್ದವರ ಹೆಗಲ ಮೇಲಿನ ಶಲ್ಯಕ್ಕೆ ತಾಗಿತು. ಬೆಳ್ಳಗಿನ ಹೊಸ ಶಲ್ಯ.

"ಭಾಳ ಮೆತ್ತಗ ಅದಲ್ರೀ ಇದು!"

ಅವರು ಹೌದೆನ್ನುವಷ್ಟರಲ್ಲಿ ಶಲ್ಯದ ತುದಿ ನೀರಿನೊಳಗಿತ್ತು. "ನೋಡ್ರಿ, ನೋಡ್ರಿ, ಹೆಂಗ ಬರಾಕತ್ತದ!" ಎಂದು ಅಪ್ಪ ಖುಷಿಯಿಂದ ಕೂಗಿದ. ಇನ್ನೊಂದು ತುದಿ ಕೊರಳಿಗೆ ಸುತ್ತಿಕೊಂಡಿದ್ದರಿಂದ ಅವರು ಬಗ್ಗಿಕೊಂಡೇ ನೋಡಬೇಕಾಯಿತು.

"ತಿಳಸ್ತೀವ್ರೀ," ಎಂದು ಹೋದವರು ನೆಂಟರೊಬ್ಬರ ಕೈಯಲ್ಲಿ ಹೇಳಿಕಳಿಸಿದರು. ಹುಡುಗಿ ಚಲೋ ಅದಾಳ, ಆ ಮನಿ ಸಂಬಂಧ ಬ್ಯಾಡ.

ಅವ್ವ ಅತ್ತಳು. ಅಜ್ಜಿ ಬೈದಳು. ನಾನು ಯಾರಿಗೂ ಮುಖ ತೋರಿಸದೆ ಅಡುಗೆಮನೆಯಲ್ಲೇ ಕೂತೆ. ಅಪ್ಪ ಗಿರಣಿಗೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಪಡಸಾಲೆಗೆ ಬಂದರೆ ಅವನು ತೊಟ್ಟಿಗೆ ಬೆನ್ನು ಮಾಡಿ ಕೂತಿದ್ದ. ಪಕ್ಕದಲ್ಲಿ ಮೀನು ತುಂಬಲು ಕೊಡಪಾನ. ನನ್ನ ಹೆಜ್ಜೆ ಕೇಳಿದರೂ ತಲೆ ಎತ್ತಲಿಲ್ಲ.

"ನನ್ನ ಸಲುವಾಗಿ ನಿನಗ ಹಿಂಗಾತು ಯವ್ವಾ. ಇವತ್ತ ಒಯ್ದು ಡಾಕ್ಟ್ರಿಗೆ ಕೊಟ್ಟ್ ಬರ್ತೀನಿ."

ಊರೆಲ್ಲ ನಕ್ಕಾಗಲೂ ನಾಚಿಕೆಯೆಂದರೇನೆಂದು ತಿಳಿಯದ ಮನುಷ್ಯ. ಅವನ ಕತ್ತು ಹಾಗೆ ಬಾಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನೋಡಲಾಗಲಿಲ್ಲ ನನಗೆ.

ಹಳೆಯ ಧೋತರದ ಒಂದು ತುಂಡು ಸಿಕ್ಕಿತು. ಅದನ್ನೇ ಹಿಡಿದು ತೊಟ್ಟಿಯೊಳಗೆ ಮೊಣಕೈವರೆಗೂ ಇಳಿಸಿ ಗಾಜನ್ನು ಮೆಲ್ಲಗೆ ಒರೆಸಿದೆ. ಕಂದು ಪಾಚಿ ಹಿಟ್ಟಿನಂತೆ ಎದ್ದು ಬಂತು. ಅದರಾಚೆ ಮೀನುಗಳು ಗಾಬರಿಯಾಗಿ ಮೂಲೆ ಸೇರಿದವು.

ಅಪ್ಪನಿಗೆ ತಡೆಯಲಾಗಲಿಲ್ಲವೇನೋ, ಮೆಲ್ಲಗೆ ಈ ಕಡೆ ತಿರುಗಿದ.

"ಬಳಿ ತಗದು ಕೈ ಹಾಕ್ ಯವ್ವಾ. ಸಪ್ಪಳಕ್ಕ ಅಂಜ್ತಾವ."

ನಾನು ಒದ್ದೆ ಕೈಯಿಂದ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿದೆ. ಅಪ್ಪ ಎದ್ದು ಬಂದು ಎರಡೂ ಅಂಗೈ ಚಾಚಿ ಅವನ್ನು ಹಿಡಿದುಕೊಂಡ.