ಕಡಿಯದೆ ಬಿಟ್ಟ ಕಾಯಿ

ಈಗಿನ ಮಕ್ಕಳನ್ನು ನಾವು ಸಾಕುತ್ತಿದ್ದೇವೋ, ಗಾಜಿನ ಲೋಟದಂತೆ ಹುಲ್ಲು ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದೇವೋ ನನಗಂತೂ ತಿಳಿಯದು. ಮಗು ಎಡವಿ ಬಿದ್ದರೆ ನೆಲಕ್ಕೆ ಎರಡೇಟು ಹೊಡೆದು ಸಮಾಧಾನ ಮಾಡುತ್ತೇವೆ. ನೆಲ ಏನು ಮಾಡಿತ್ತು ಸ್ವಾಮಿ? ಅದು ತನ್ನ ಪಾಡಿಗೆ ಬಿದ್ದುಕೊಂಡಿತ್ತು. ಶಾಲೆಯ ಓಟದಲ್ಲಿ ಕೊನೆಗೆ ಬಂದವರಿಗೂ ಬಹುಮಾನವಂತೆ! ಹಾಗಾದರೆ ಮೊದಲು ಬಂದವನು ಯಾವ ಸುಖಕ್ಕೆ ಬೆವರು ಸುರಿಸಿದ? ನಾನು ಉದಯಗಿರಿಯಲ್ಲಿ ಹಳೇ ಕುರ್ಚಿ, ಮೇಜು ಕೊಂಡು ಮಾರುತ್ತಾ ಬದುಕು ಕಟ್ಟಿಕೊಂಡವನು. ಗೆದ್ದಲು ತಿಂದ ಹಲಗೆಗೆ ಪಾಲಿಶ್ ಹೊಡೆದು ತೇಗವೆಂದು ತಂದವರೇ ನನ್ನ ಮೇಷ್ಟರುಗಳು. ಮೀಸೆ ಮೂಡದ ಹುಡುಗ ಎಂದು ಅವರ್‍ಯಾರೂ ಮೋಸದಲ್ಲಿ ರಿಯಾಯಿತಿ ಕೊಡಲಿಲ್ಲ. ಆದ್ದರಿಂದ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಲೋಕದ ಒರಟುತನವನ್ನು ಮಕ್ಕಳಿಗೆ ಬೇಗನೆ ತೋರಿಸಿಬಿಡಬೇಕು.

ಇಷ್ಟು ಸಿಟ್ಟು ಬರಲು ಕಾರಣ ಒಂದು ಚೌಕಾಬಾರದ ಮಣೆ. ಹೂಟಗಳ್ಳಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ಐದನೇ ಕ್ಲಾಸಿನ ಮೊಮ್ಮಗಳು ಸಿಂಚನಾ ಅಜ್ಜಿಯ ಜೊತೆ ಆಡಲು ಕೂರುತ್ತಾಳೆ. ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದರೆ ಹಣ್ಣು. ದಾರಿಯಲ್ಲಿ ಎದುರಾಳಿ ಕಡಿದರೆ ಮತ್ತೆ ಮೊದಲಿನಿಂದ ಹೊರಡಬೇಕು. ಇದು ಆಟ. ಒಂದು ದಿನ ಪಕ್ಕದಲ್ಲಿ ಕೂತು ನೋಡುತ್ತೇನೆ, ನಮ್ಮವಳು ಕಡಿಯುತ್ತಲೇ ಇಲ್ಲ! ಕವಡೆ ಸರಿಯಾಗಿ ಮೂರು ಬಿದ್ದಿದೆ, ಮಗುವಿನ ಕಾಯಿ ಮೂರನೇ ಮನೆಯಲ್ಲಿದೆ, ಇವಳು ಬೇರೆ ಕಾಯಿ ನಡೆಸುತ್ತಾಳೆ.

“ಏನೇ ಇದು, ಕಣ್ಣು ಕಾಣಲ್ವಾ?” ಅಂದೆ.

“ಸುಮ್ನಿರ್‍ರೀ, ಮಗು ಅಳುತ್ತೆ,” ಎಂದು ಪಿಸುಗುಟ್ಟಿದಳು. ಅಡುಗೆಮನೆಯಿಂದ ಸೊಸೆ ಸುಮಾ, “ಹೋಗ್ಲಿ ಬುಡಿ ಮಾವ, ಆಟ ತಾನೆ,” ಎಂದಳು.

ಆಟ ತಾನೆ! ನಾಳೆ ಇವಳ ಎದುರಿಗೆ ಕೂರುವವರೆಲ್ಲ ಅಜ್ಜಿಯರೇ ಆಗಿರುತ್ತಾರೆಯೆ? ಮಾರನೆಯ ಸಂಜೆ ನಾನೇ ಮಣೆಯ ಮುಂದೆ ಕೂತೆ. ಇನ್ನೇನು ಹಣ್ಣಾಗಬೇಕಿದ್ದ ಅವಳ ಕಾಯಿಯನ್ನು ಕಡಿದೆ. ಮಗು ಬಿಕ್ಕಿ ಬಿಕ್ಕಿ ಅತ್ತಿತು. “ನೋಡು ಕಣಮ್ಮ, ಎದುರಿನವರ ಮುಖ ನೋಡಿ ಕರಗಬಾರ್ದು. ಅನುಮಾನ ಇದ್ರೆ ಜಗಳ ಆಡು, ನಿಂದನ್ನ ಬುಟ್ಟುಕೊಡಬೇಡ,” ಎಂದು ಪಾಠವನ್ನೂ ಸೇರಿಸಿದೆ. ಅಂದಿನಿಂದ ನನ್ನ ಕಾಫಿಗೆ ಸಕ್ಕರೆ ಬೀಳುವುದು ನಿಂತಿತು. ನಾನು ಜಗ್ಗಲಿಲ್ಲ, ದಿನವೂ ಕಡಿದೆ.

ಹೀಗೆ ನಡೆದಿರಲು, ಒಂದು ಸಂಜೆ ಹಣ್ಣಾಗುವ ಹೊಸ್ತಿಲಲ್ಲಿ ನನ್ನ ಕೊನೆಯ ಕಾಯಿ ನಿಂತಿತ್ತು. ಸಿಂಚನಾ ಎಸೆದ ಕವಡೆಗಳಲ್ಲಿ ಒಂದು ಮಣೆಯ ಅಂಚಿಗೆ ಒರಗಿಕೊಂಡಿತು. ಬಾಯಿ ಮೇಲೆಂದರೆ ನನ್ನ ಕಾಯಿ ಹೋಯಿತು. ಕವುಚಿದೆ ಎಂದರೆ ಬದುಕಿತು. “ಕವುಚಿದೆ, ಬುಡು,” ಎಂದು ಕೈ ಚಾಚಿದೆ.

“ಮುಟ್ಟಬೇಡಿ ತಾತ! ಬಾಯಿ ಮೇಲಿದೆ. ಬೇಕಾದ್ರೆ ಅಜ್ಜಿನ ಕೇಳಿ.”

ನಾನು ಕೇಳಿದಾಗ ಎಂದೂ ಸಿಗದ ಕನ್ನಡಕವನ್ನು ನಮ್ಮವಳು ಆಗ ತಟ್ಟನೆ ಹಾಕಿಕೊಂಡು ಬಂದಳು. “ಮೇಲಿದೆ,” ಎಂದು ತೀರ್ಪಾಯಿತು. ಮೊಮ್ಮಗಳು ಹಲ್ಲು ಕಿರಿಯುತ್ತಾ ಕಡಿದಳು. “ಮುಖ ನೋಡಿ ಕರಗಬಾರ್ದು ಅಂತ ನೀವೇ ಹೇಳಿದ್ರಲ್ಲ ತಾತ!”

ಹೇಳಿದ್ದೆ. ಆದರೆ ಹಿರಿಯರೆಂಬ ಮರ್ಯಾದೆ ಬೇಡವೆ? ತಲೆನೋವೆಂದು ಕೋಣೆಗೆ ಹೋಗಿ ಮಲಗಿದೆ. ಊಟಕ್ಕೆ ಕರೆದರು, ಹಸಿವಿಲ್ಲವೆಂದೆ. ಅವರೆಕಾಳಿನ ಸಾರಿನ ಘಮ ಬಾಗಿಲ ಸಂದಿಯಿಂದ ಬರುತ್ತಿತ್ತು, ಅದರ ಹಿಂದೆಯೇ ಮೊಮ್ಮಗಳ ಪಿಸುಮಾತು: “ಅಮ್ಮ, ತಾತ ಅಳ್ತಿದಾರಾ?”

ಮಾರನೆಯ ಸಂಜೆ ಅವಳೇ ಬಂದು ಕೈಹಿಡಿದು ಮಣೆಯ ಮುಂದಕ್ಕೆ ಎಳೆದಳು. ಗೆದ್ದೆ. ಎಷ್ಟು ಸಲೀಸಾಗಿ ಗೆದ್ದೆನೆಂದರೆ, ನನಗೇ ಅನುಮಾನವಾಯಿತು. ಕೇಳಿದೊಡನೆ ಬೆಲೆ ಇಳಿಸಿದವನ ಕುರ್ಚಿಯನ್ನು ಬೋರಲು ಹಾಕಿ ಕಾಲು ತಟ್ಟಿ ನೋಡುವವನು ನಾನು. ಕಣ್ಣಿಟ್ಟು ನೋಡಿದೆ: ಮತ್ತೊಂದಾಟದಲ್ಲಿ ಅವಳಿಗೆ ಮೂರು ಬಿತ್ತು, ನನ್ನ ಕಾಯಿ ಮೂರನೇ ಮನೆಯಲ್ಲಿತ್ತು, ಅವಳು ಬೇರೆ ಕಾಯಿ ನಡೆಸಿದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಸೊಸೆ ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು. ‘ಕಣ್ಣು ಕಾಣಲ್ವಾ’ ಎಂದು ಗದರಬೇಕಿತ್ತು. ಬಾಯಿ ತೆರೆದೆ, ಅಷ್ಟರಲ್ಲಿ ಕಾಫಿ ಬಂತು, ಸಕ್ಕರೆ ಹದವಾಗಿತ್ತು. ಕುಡಿದು, ಕಾಯಿಯನ್ನು ಹಣ್ಣು ಮಾಡಿಕೊಂಡೆ.

ಮಕ್ಕಳಿಗೆ ಲೋಕದ ಒರಟುತನ ತೋರಿಸಬೇಕೆಂಬ ನನ್ನ ಮಾತಿನಲ್ಲಿ ಈಗಲೂ ಬದಲಾವಣೆಯಿಲ್ಲ. ಭಾನುವಾರ ಆಟಕ್ಕೆ ಬನ್ನಿ ಎಂದು ಕೆಸರೆಯಿಂದ ನನ್ನ ಭಾವಮೈದುನ ಫೋನ್ ಮಾಡಿದ್ದ. ಬಿಡುವಿಲ್ಲವೆಂದೆ. ಅವನು ಕಂಡ ಕಾಯಿಯನ್ನೆಲ್ಲ ಕಡಿಯುತ್ತಾನೆ.