ಗಳದ ತುದಿಯ ಡಾಂಗಲ್ಲು

ಎಲ್ಲ ಅನಾಹುತಕ್ಕೂ ಮೂಲ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಕರಿಯ ವಸ್ತು. ಅದನ್ನು ಯಾರೂ ವಿಷಾದಣ್ಣನ ತಲೆಗೆ ಕಟ್ಟಲಿಲ್ಲ. ಅವನೇ ಅಂಗಡಿ ಹುಡುಕಿಕೊಂಡು ಹೋಗಿ, ಚೌಕಾಸಿ ಮಾಡಿ, ಗೆದ್ದೆನೆಂದು ಬೀಗುತ್ತ ತಂದ.

ವಿಷಾದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ಮನೆಬಳಕೆಯ ಯಂತ್ರ ಮಾರುವ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಮನೆಯಲ್ಲೇ ಕೂತು ಉತ್ತರ ಬರೆಯುವುದು ಅವನ ಕೆಲಸ. ಯಾರದೋ ಮಿಕ್ಸಿಯ ಮುಚ್ಚಳ ಛಾವಣಿಗೆ ಹಾರಿತು, ಯಾರದೋ ಫ್ಯಾನು ತಿರುಗುವ ಬದಲು ನಡುಗಿತು, ಯಾರದೋ ಇಸ್ತ್ರಿಪೆಟ್ಟಿಗೆ ಅಂಗಿಯನ್ನು ಬಿಟ್ಟು ಮೇಜನ್ನು ಸುಟ್ಟಿತು. ಎಲ್ಲಕ್ಕೂ ಅವನು ಬೆಳಗಿನಿಂದ ಸಂಜೆಯವರೆಗೆ ‘ತಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಬರೆಯುತ್ತಿದ್ದ. ಮಿಕ್ಸಿ ಮಾಡಿದವನು ವಿಷಾದಿಸಲಿಲ್ಲ, ಮಾರಿದವನೂ ವಿಷಾದಿಸಲಿಲ್ಲ. ಇಬ್ಬರ ಪಾಲಿನ ವಿಷಾದವನ್ನೂ ಇವನೇ ಗುತ್ತಿಗೆ ಹಿಡಿದಿದ್ದ. ಕೆಲಸ ತಾತ್ಕಾಲಿಕ. ಆ ತಾತ್ಕಾಲಿಕಕ್ಕೆ ಅವನ ಮದುವೆಗಿಂತ ಹೆಚ್ಚು ವಯಸ್ಸಾಗಿತ್ತು.

ಕಂಪನಿ ಕಂಪ್ಯೂಟರು ಕೊಟ್ಟಿತ್ತು, ನಿಜ. ಆದರೆ ಅದನ್ನು ಮೇಜಿಗೆ ಸರಪಳಿ ಬಿಗಿದು, ಬೀಗ ಜಡಿದು, ಕೀಲಿಯನ್ನು ತಾನೇ ಒಯ್ದಿತ್ತು. ಮನೆ ಇವನದು, ಮೇಜು ಇವನದು, ಕರೆಂಟು ಇವನದು. ಅನುಮಾನವೊಂದು ಮಾತ್ರ ಕಂಪನಿಯದು.

ಹಿಂದಿನ ದಿನ ಅದರ ಪರದೆಯ ಮೇಲೆ ಒಂದು ಸೂಚನೆ ಬಂದಿತ್ತು: ನಾಳೆ ನಾಲ್ಕು ಗಂಟೆಗೆ ಮಹತ್ವದ ಸಭೆ. ಎಲ್ಲರೂ ತಮ್ಮ ಕಂಪ್ಯೂಟರಿನ ಮುಂದೆ ಹಾಜರಿರಬೇಕು. ಬಾರದವರ ಬಗ್ಗೆ ಸೂಕ್ತ ನಿರ್ಧಾರ ಕೈಗೊಳ್ಳಲಾಗುವುದು. ಅದನ್ನು ಅವನು ಓದಿ ಮುಗಿಸಿದ್ದೇ ತಡ, ಕಂಪ್ಯೂಟರಿನೊಳಗಿನ ವೈಫೈ, ಕೊನೆಯ ಮಾತು ಹೇಳಿ ಕಣ್ಣು ಮುಚ್ಚುವ ಹಿರಿಯರ ಹಾಗೆ ಪ್ರಾಣ ಬಿಟ್ಟಿತು.

ಅವನು ಕೂಡಲೇ ಸಹೋದ್ಯೋಗಿ ಕಡ್ಡಿಗೆ ಫೋನು ಮಾಡಿದ. ಕಡ್ಡಿ ತೆಳ್ಳಗಿದ್ದ, ಎಲ್ಲಿಗೆ ಬೇಕಾದರೂ ತೂರಿಕೊಳ್ಳುತ್ತಿದ್ದ.

“ನನ್ನ ನೆಟ್ ಹೋಯ್ತು ಕಣೋ. ನಾಳೆ ಏನು ಗತಿ?”

“ಪೂರ್ತಿ ಹೋಯ್ತಾ?”

“ಪೂರ್ತಿ.”

ಫೋನಿನಾಚೆ ಕಡ್ಡಿ ಚಿಟಿಕೆ ಹೊಡೆದ ಸದ್ದು ಕೇಳಿಸಿತು. ಆಮೇಲೆ, “ಏನೂ ಆಗಲ್ಲ, ಆರಾಮಾಗಿ ಮಲಗು” ಎಂದ. ಕೆಲಸ ಹೋಗುವವನಿಗೆ ಕೆಲಸ ಉಳಿಯುವವನು ಹೇಳುವ ಮಾತು ಇದೇ ಎಂದು ವಿಷಾದಣ್ಣ ರಾತ್ರಿಯಿಡೀ ಹೊರಳಾಡಿದ.

ಬೆಳಿಗ್ಗೆ ಅಂಗಡಿ. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಎರಡು ಡಾಂಗಲ್ ತೆಗೆದಿಟ್ಟ. ಕಂಪ್ಯೂಟರಿಗೆ ಚುಚ್ಚಿದರೆ ಗಾಳಿಯಿಂದ ವೈಫೈ ಹಿಡಿದುಕೊಡುವ ಸಾಧನ. ಒಂದರ ಬೆಲೆ ಕೇಳಿ ವಿಷಾದಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಇನ್ನೊಂದರದ್ದು ಕೇಳಿ ಮೂರು ಹೆಜ್ಜೆ ಮುಂದೆ ಬಂದ.

“ಇದ್ಯಾಕೆ ಇಷ್ಟು ಅಗ್ಗ?”

“ರಿಫರ್ಬಿಶ್ಡ್ ಸಾರ್.”

“ಅಂದ್ರೆ ಹಳೇದು?”

“ಛೆ, ಹಳೇದಲ್ಲ. ಹೊಸದೂ ಅಲ್ಲ. ಎರಡನೇ ಮದುವೆ ಗಂಡಿನ ಥರ. ಒಂದ್ಸಲ ಕೆಟ್ಟು ರಿಪೇರಿಯಾಗಿರೋದು, ಅನುಭವ ಇರುತ್ತೆ.”

“ಸಂಸಾರ ಮಾಡುತ್ತಾ?”

“ಹೊಂದ್ಕೊಂಡು ಹೋಗ್ಬೇಕು ಸಾರ್.”

ಮನೆಗೆ ಬಂದು ಚುಚ್ಚಿದ. ಮಧ್ಯಾಹ್ನ ಮೂರಾದರೂ ಅದು ಹೊಂದಿಕೊಳ್ಳಲಿಲ್ಲ. ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿ, ಡ್ರೈವರ್ ಎಂಬ ತಂತ್ರಾಂಶ ಬೇಕು, ನೆಟ್‌ನಿಂದ ಇಳಿಸಿಕೋ ಎಂದು ಅಪ್ಪಣೆ ಕೊಟ್ಟಿತು. ನೆಟ್ ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ನೆಟ್ ಬೇಕು. ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಟೈಲರಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಹೇಳಿದಳು: “ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದ ಹಾಗಾಯ್ತಲ್ಲಣ್ಣ ನಿನ್ನ ಕತೆ!”

ಆ ಮಾತಿಗೆ ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ನಕ್ಕ ಮೇಲೆ ಒಳಗೆ ಬಾರದಿರುವುದು ಹೇಗೆ? ಎಲ್ಲರೂ ಬಂದರು.

ಮೇಲಿನ ಮನೆಯ ಸಿಗ್ನಲ್ ಮಾವ ಮೊದಲು ಬಂದರು. ಅವರು ರೈಲ್ವೆಯಲ್ಲಿ ಸಿಗ್ನಲ್ ಇಳಿಸಿ ಏರಿಸಿ ನಿವೃತ್ತರಾದವರು. ಮೊಬೈಲು, ಟೀವಿ, ವೈಫೈ ಎಲ್ಲದರ ಮೇಲೂ ತಮ್ಮದೇ ಅಧಿಕಾರವೆಂದು ನಂಬಿದ್ದರು. ಅವರ ಬೆನ್ನಿಗೇ ಕೆಳಮನೆಯ ಹಲ್ಲಿನ ಡಾಕ್ಟರಮ್ಮ ಬಂದಳು. ಇಡೀ ಕಟ್ಟಡ ಹಂಚಿಕೊಂಡಿದ್ದ ವೈಫೈ ಇದ್ದದ್ದು ಅವಳ ದವಾಖಾನೆಯಲ್ಲೇ. ಅವಳು ತನ್ನ ಕಂಪ್ಯೂಟರಿನಿಂದ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ತಂದಿದ್ದಳು. “ಬಾಯಿ ತೆರೆದು ಕೂತಿರೋ ರೋಗೀನ ಬಿಟ್ಟು ಬಂದಿದ್ದೀನಿ. ಬೇಗ ಚುಚ್ಚಿ!” ಎಂದಳು.

ಚುಚ್ಚಿದ್ದಾಯಿತು. ಡಾಂಗಲ್ಲಿನ ನೀಲಿ ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಗ್ನಲ್ ಮಾತ್ರ ಸಾಲ ಕೇಳಬಹುದೆಂದು ಹೆದರಿದ ನೆಂಟರ ಹಾಗೆ, ಮುಖ ತೋರಿಸಿ ಮಾಯವಾಯಿತು.

“ಮುದಿಯಾಗಿದೆ. ಗೋಡೆ ದಾಟೋ ಶಕ್ತಿ ಇಲ್ಲ” ಎಂದರು ಮಾವ, ನಾಡಿ ನೋಡಿದವರಂತೆ. “ಕಂಪ್ಯೂಟರನ್ನೇ ಕೆಳಗೆ ಹೊತ್ಕೊಂಡು ಹೋಗೋಣ.”

ಸರಪಳಿ ತೋರಿಸಿದ್ದಾಯಿತು. ಮಾವ ಅದನ್ನು ಜಗ್ಗಿ ನೋಡಿದರು. “ಇದೇನಪ್ಪ, ಕೈದಿಗೂ ಇಷ್ಟು ದಪ್ಪ ಹಾಕಲ್ಲ. ಹಾಗಾದ್ರೆ ಮೇಜಿನ ಸಮೇತ?”

“ಮೇಜು ಬಾಗಿಲಲ್ಲಿ ಹೋಗಲ್ಲ. ಗೋಡೆ ಕಟ್ಟೋ ಮುಂಚೇನೇ ಒಳಗಿತ್ತೋ ಏನೋ” ಎಂದಳು ವಿಷಾದಣ್ಣನ ಹೆಂಡತಿ. “ರೀ, ಆ ಹೊಸದನ್ನೇ ತರಬಾರದಿತ್ತಾ? ಅಗ್ಗ ಅಂದ್ರೆ ಅಡ್ಡಬೀಳ್ತೀರಿ!”

“ಈಗ ಅದನ್ನ ಆಡಿ ಏನು ಫಲ?”

“ಫಲ ಇಲ್ಲ. ಸಮಾಧಾನ ಇದೆ.”

ಮಾವ ಮೇಲೆ ಹೋಗಿ ತಮ್ಮ ಟ್ರಂಕಿನಿಂದ ವೈರುಗಳ ರಾಶಿ ಹೊತ್ತು ತಂದರು. ಅದರಲ್ಲಿ ಡಾಂಗಲ್ ಚುಚ್ಚುವಂಥ ಉದ್ದನೆಯ ಯುಎಸ್‌ಬಿ ವೈರೊಂದು ಸಿಕ್ಕಿತು. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಯಲ್ಲಿ ಡಾಂಗಲ್. ಟೈಲರಕ್ಕ ಅದನ್ನು ಬಟ್ಟೆ ಒಣಹಾಕುವ ಬಿದಿರಿನ ಗಳದ ತುದಿಗೆ, ಮದುಮಗಳ ರವಿಕೆಯನ್ನು ಕೂಡ ಹೊಲಿಯದಷ್ಟು ಅಚ್ಚುಕಟ್ಟಾಗಿ, ದಾರದಿಂದ ಹೊಲಿದುಬಿಟ್ಟಳು. ಹೆಂಡತಿ ಅಡುಗೆಮನೆಯಿಂದ ಸ್ಟೀಲಿನ ಜರಡಿ ತಂದಳು. ಡಾಂಗಲ್ಲಿನ ಹಿಂದೆ ಜರಡಿ ಕಟ್ಟಿದರೆ ಅಲೆಗಳು ಅದರೊಳಗೆ ಬಂದು ಬೀಳುತ್ತವೆ ಎಂಬುದು ಮಾವನ ಸಿದ್ಧಾಂತ. ಗಳವನ್ನು ಕಿಟಕಿಯಾಚೆ ಚಾಚಿ ದವಾಖಾನೆಯ ಕಡೆಗೆ ಇಳಿಬಿಟ್ಟರು. ದಾರಿಹೋಕರು ನಿಂತು, ಎರಡನೇ ಮಹಡಿಯಿಂದ ಯಾರು ಮೀನು ಹಿಡಿಯುತ್ತಿದ್ದಾರೆ ಎಂದು ನೋಡತೊಡಗಿದರು.

ಒಂದು ಗೀಟು ಸಿಗ್ನಲ್ ಬಂತು!

“ಕೆಳಗಿನ ಡಬ್ಬ ಕಿಟಕಿ ಹತ್ರ ಬಂದ್ರೆ ಇನ್ನೊಂದು ಗೀಟು ಬರುತ್ತೆ!” ಎಂದು ಮಾವ ಕೂಗಿದರು.

ಕೆಳಗೆ ಓಡಿದ ಡಾಕ್ಟರಮ್ಮ ವೈಫೈ ಡಬ್ಬವನ್ನು ಎಳೆದಳು. ಅದರ ವೈರು ರೋಗಿಯ ಕುರ್ಚಿಯವರೆಗೆ ಮಾತ್ರ ಬಂತು. ರೋಗಿಯ ಬಾಯಿ ಮರಗಟ್ಟಿತ್ತು, ಕೈ ಖಾಲಿ ಇತ್ತು. ಅವಳು ಡಬ್ಬವನ್ನು ಅವನ ಕೈಗೆ ಕೊಟ್ಟು, “ಎತ್ತಿ ಹಿಡ್ಕೊಳ್ಳಿ, ನಿಮ್ಮ ಹಲ್ಲಿಗೆ ಒಳ್ಳೇದು” ಎಂದಳು. ಅವನು “ಆ ಆ” ಎಂದ. ಒಪ್ಪಿಗೆಯೋ ಪ್ರತಿಭಟನೆಯೋ, ತಿಳಿಯುವ ಹಾಗಿರಲಿಲ್ಲ. ಆದರೂ ಎತ್ತಿದ.

ನಾಲ್ಕು ಹೊಡೆಯುವ ಹೊತ್ತಿಗೆ ಸಿಗ್ನಲ್ ಪೂರ್ತಿ ಬಂತು. ಕಿಟಕಿಯಲ್ಲಿ ಅರ್ಧ ಹೊರಗೆ ಬಾಗಿ ಗಳ ಹಿಡಿದ ಮಾವ. ಮಾವ ಬೀಳದಂತೆ ಅವರ ಸೊಂಟ ಹಿಡಿದ ಟೈಲರಕ್ಕ. ಕೆಳಗೆ ಡಬ್ಬ ಹೊತ್ತು ಬಾಯಿ ತೆರೆದ ರೋಗಿ. ಇಷ್ಟು ಜನರ ತೋಳಬಲದ ಮೇಲೆ ವಿಷಾದಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಸಭೆಗೆ ಹೊಕ್ಕ.

ಪರದೆಯ ಮೇಲೆ ಮ್ಯಾನೇಜರರ ಮುಖ ಮೂಡಿತು. ಬೇರೆ ಯಾರೂ ಇರಲಿಲ್ಲ.

“ಓಹೋ! ಬಂದ್ಬಿಟ್ರಲ್ಲಾ!” ಮ್ಯಾನೇಜರರ ದನಿಯಲ್ಲಿ, ಬರಗಾಲದಲ್ಲಿ ಬಾವಿ ಕಂಡವನ ಸಂತೋಷವಿತ್ತು. “ಏನು ವಿಚಿತ್ರ ನೋಡಿ, ಇವತ್ತು ಎಲ್ಲರಿಗೂ ನೆಟ್ ಇಲ್ಲವಂತೆ. ಒಬ್ಬರ ವೈರು ಇಲಿ ಕಡೀತಂತೆ. ಒಬ್ಬರ ಮನೆಗೆ ಸಿಡಿಲು ಬಡೀತಂತೆ, ಇಂಥ ಬಿಸಿಲಲ್ಲಿ! ಆ ಕಡ್ಡಿ ಇದ್ದಾನಲ್ಲ, ಅವನ ನೆಟ್ಟನ್ನ ಅತ್ತೆ ಆರಿಸಿಬಿಟ್ರಂತೆ.”

ವಿಷಾದಣ್ಣನ ಎದೆ ಹಿಗ್ಗಿತು. ತಾನೊಬ್ಬನೇ ಹಾಜರು! ಕಾಯಂ ಆಗುವುದಿದ್ದರೆ ಇನ್ಯಾರು? ಹಿಂದೆ ನಿಂತ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

“ವಿಷಯ ಏನಪ್ಪಾ ಅಂದ್ರೆ” ಎಂದರು ಮ್ಯಾನೇಜರ್, “ಭಾನುವಾರವೂ ದೂರುಗಳು ಬರ್ತಿವೆ. ಭಾನುವಾರ ದುಡಿಯೋರು ಬೇಕು. ಇದು ಸೇವೆ, ಹಾಗಾಗಿ ಸಂಬಳದ ಪ್ರಶ್ನೆ ಬರಲ್ಲ. ಇವತ್ತಿನ ಸಭೆಗೆ ಒಬ್ಬರೂ ಬರದಿದ್ರೆ ಯೋಜನೇನೇ ಕೈಬಿಡೋಣ ಅಂತ ಮೇಲಿನವರು ಹೇಳಿದ್ರು. ಒಬ್ಬರು ಬಂದ್ರೂ ಸಾಕು, ಸಿಬ್ಬಂದಿಯ ಬೆಂಬಲ ಇದೆ ಅಂತ ಶುರು ಮಾಡೋಣ ಅಂದ್ರು. ನೀವು ಬಂದ್ರಿ!”

ವಿಷಾದಣ್ಣನ ಹಿಗ್ಗಿದ ಎದೆ, ಸೂಜಿ ತಾಗಿದ ಬಲೂನಿನ ಹಾಗೆ ಬೆನ್ನಿಗಂಟಿತು. ತಪ್ಪಿಸಿಕೊಳ್ಳಲು ಒಂದೇ ದಾರಿಯಿತ್ತು. ಅವನು ಕಿವಿಗೆ ಕೈಯಿಟ್ಟು, “ಹಲೋ? ಸಾರ್? ಏನೂ ಕೇಳಿಸ್ತಿಲ್ಲ ಸಾರ್! ನೆಟ್ ಹೋಗ್ತಿದೆ ಅನ್ಸುತ್ತೆ!” ಎಂದ.

“ಏನ್ರೀ, ಅವರ ಮಾತು ಗಂಟೆ ಹೊಡೆದ ಹಾಗೆ ಕೇಳಿಸ್ತಿದೆಯಲ್ಲ!” ಎಂದಳು ಹೆಂಡತಿ, ಮ್ಯಾನೇಜರಿಗೂ ಕೇಳುವ ಹಾಗೆ.

ಕತ್ತು ತಿರುಗಿಸಿ ನೋಡುತ್ತಿದ್ದ ಮಾವನಿಗೆ ವಿಷಾದಣ್ಣ ಮೇಜಿನ ಕೆಳಗಿನಿಂದ ಕೈಸನ್ನೆ ಮಾಡಿದ. ಗಳ ಬಿಡಿ, ಬಿಟ್ಟುಬಿಡಿ ಎಂದು ಬೆರಳು ಬಿಡಿಸಿ ತೋರಿಸಿದ. ಜೀವಮಾನವಿಡೀ ಕೈಸನ್ನೆಯಲ್ಲೇ ರೈಲು ಓಡಿಸಿದ್ದ ಮಾವನಿಗೆ ಅದು ಅರ್ಥವಾಗದೆ ಇದ್ದೀತೆ? “ಇನ್ನೂ ಚಾಚಬೇಕಂತೆ! ಅಕ್ಕಾ, ಗಟ್ಟಿಯಾಗಿ ಹಿಡಿ!” ಎಂದು ಮತ್ತೊಂದು ಗೇಣು ಹೊರಗೆ ಬಾಗಿದರು. ಕೆಳಗೆ ಡಾಕ್ಟರಮ್ಮ “ಮೇಲೆತ್ತಿ, ಮೇಲೆತ್ತಿ!” ಎಂದು ರೋಗಿಯನ್ನು ಹುರಿದುಂಬಿಸಿದಳು. ವೈರನ್ನೇ ಕಿತ್ತುಬಿಡೋಣವೆಂದು ವಿಷಾದಣ್ಣ ಕೈ ಚಾಚಿದ. ಹೆಂಡತಿ ಪಟ್ಟನೆ ಅವನ ಕೈಗೆ ಹೊಡೆದಳು. “ಮುಟ್ಟಬೇಡಿ! ಅಷ್ಟು ಕಷ್ಟಪಟ್ಟು ನಿಲ್ಲಿಸಿದ್ದಾರೆ.”

ಬೆಳಿಗ್ಗೆಯಿಂದ ಕಣ್ಣಾಮುಚ್ಚಾಲೆ ಆಡಿದ್ದ ಡಾಂಗಲ್ಲು ಈಗ ಹೊಸ ಅಳಿಯನ ಹಾಗೆ ಅಲುಗದೆ ಕೂತಿತ್ತು. ಮ್ಯಾನೇಜರರ ಮುಖದ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ.

“ನಿಮ್ಮ ನಿಷ್ಠೆ ಕಂಡು ಮಾತೇ ಬರ್ತಿಲ್ಲ” ಎಂದರು ಅವರು, ಮಾತು ನಿಲ್ಲಿಸದೆ. “ಈ ಭಾನುವಾರದಿಂದಲೇ ಎಲ್ಲರ ಪಾಳಿ ಶುರು. ಅವರಿಗೆಲ್ಲ ನೀವೇ ಮುಖಂಡರು. ಹುದ್ದೆ ತಾತ್ಕಾಲಿಕ.”

ಪರದೆ ಕಪ್ಪಾಯಿತು. ಕೋಣೆ ಹಬ್ಬವಾಯಿತು. “ಮುಖಂಡನಂತೆ!” ಎಂದು ಟೈಲರಕ್ಕ ಮಾವನ ಸೊಂಟ ಬಿಟ್ಟು ಕುಣಿದಳು. ಪುಣ್ಯಕ್ಕೆ ಮಾವ ಒಳಗಿನ ಕಡೆಗೇ ಬಿದ್ದರು. ಹೆಂಡತಿ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು. ಬಾಯಿ ಮರಗಟ್ಟಿದ ರೋಗಿ ಕೂಡ ಮೆಟ್ಟಿಲು ಹತ್ತಿ ಬಂದು “ಆ ಆ!” ಎಂದು ಕೈ ಕುಲುಕಿದ. ಅವರೆಲ್ಲರ ಮುಖದ ಬೆಳಕು ನೋಡಿ ವಿಷಾದಣ್ಣನಿಗೂ ಅಳುವ ಬದಲು ನಗುವೇ ಬಂತು. ತನಗಾಗಿ ಇಷ್ಟು ಜನ ಒಟ್ಟಾಗಿ ಕೈಯೆತ್ತಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಆಗ ಫೋನು ಹೊಡೆದುಕೊಂಡಿತು. ಕಡ್ಡಿ.

“ಲೋ, ಗೆದ್ವಿ ಕಣೋ!” ಕಡ್ಡಿಯ ಹಿಂದೆ ಯಾರೋ ಸಿಳ್ಳೆ ಹಾಕುತ್ತಿದ್ದರು. “ಭಾನುವಾರದ ಬಿಟ್ಟಿ ದುಡಿತ ತರ್ತಾರೆ ಅಂತ ನನಗೆ ಮೊದಲೇ ಸುಳಿವು ಸಿಕ್ಕಿತ್ತು. ಸಭೆಗೆ ಒಬ್ಬರೂ ಬರದಿದ್ರೆ ಕೈಬಿಡ್ತಾರೆ ಅಂತಾನೂ ಗೊತ್ತಾಗಿತ್ತು, ಆದ್ರೆ ಹೇಗೆ ತಪ್ಪಿಸ್ಕೊಳ್ಳೋದು ಅಂತ ತಲೆ ಕೆಟ್ಟಿತ್ತು. ನಿನ್ನೆ ನೀನು ನೆಟ್ ಹೋಯ್ತು ಅಂದೆ ನೋಡು, ಆಗ ಹೊಳೀತು. ಎಲ್ಲರದ್ದೂ ಹೋಗಲಿ! ಒಬ್ಬೊಬ್ಬರಿಗೂ ಫೋನ್ ಮಾಡಿ, ಬೇಡ್ಕೊಂಡು, ಆಣೆ ಹಾಕಿಸಿ ಒಪ್ಪಿಸಿದೆ.”

“ಮತ್ತೆ... ನನಗೆ?” ಎಂದ ವಿಷಾದಣ್ಣ.

“ನಿನಗ್ಯಾಕೋ ಹೇಳ್ಬೇಕು? ಆಣೆ ಇಲ್ದೆ ನಂಬಬಹುದಾದೋನು ನೀನೊಬ್ನೇ ಅಲ್ವಾ!”

ವಿಷಾದಣ್ಣ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಸಿಗ್ನಲ್ ಮಾವ ಜರಡಿಯ ಧೂಳು ಕೊಡವುತ್ತ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟರು.

“ಭಾನುವಾರ ಎಷ್ಟು ಹೊತ್ತಿಗೆ ಗಳ ಹಿಡೀಬೇಕು ಅಂತ ಮುಂಚೇನೇ ಹೇಳಿಬಿಡಪ್ಪ. ನಮಗೆಲ್ಲ ರಜೆ ಇರುತ್ತೆ, ಒಬ್ಬರೂ ತಪ್ಪಿಸ್ಕೊಳ್ಳಲ್ಲ.”